‘ಮೂಳೆ ಸವೆದಿದೆ’ ಅಂದೆ, ಅವರು ಹಸು ಮಾರಿಬಿಟ್ಟರು: ಸೊಂಟನೋವಿಗೆ ಓಪಿಡಿಯಲ್ಲಿ ನಾವು ಹೇಳುವ ಮಾತು

ಹಳ್ಳಿ ಡಾಕ್ಟ್ರಮ್ಮ · ಭಾನುವಾರ ರಾತ್ರಿ 9:42

ತುಮಕೂರು ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರು ವರ್ಷದಿಂದ ಇದ್ದೇನೆ. ಬರೀ ಎಂಬಿಬಿಎಸ್. ಹೋದ ಮಂಗಳವಾರ ನಡೆದದ್ದು ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಐವತ್ತು ದಾಟಿದ ಒಬ್ಬ ಹೆಂಗಸು ಬಿಪಿ ಮಾತ್ರೆಗೆ ಬಂದಿದ್ದರು. ಬೆಂಚಿನಿಂದ ಏಳುವಾಗ ಎರಡೂ ಕೈ ತೊಡೆಗೆ ಊರಿ, ಬೆನ್ನು ಒಂದಿಷ್ಟೂ ಬಗ್ಗಿಸದೆ, ಒನಕೆ ಎತ್ತಿ ನಿಲ್ಲಿಸಿದ ಹಾಗೆ ಎದ್ದರು. ಕೈಲಿದ್ದ ಚೀಟಿ ನೆಲಕ್ಕೆ ಬಿತ್ತು. ಬಗ್ಗಲಿಲ್ಲ. ಕಾಲ್ಬೆರಳ ಸಂದಿಯಲ್ಲಿ ಹಿಡಿದು, ಕಾಲನ್ನೇ ಮೇಲೆತ್ತಿ ತೆಗೆದುಕೊಂಡರು. ಎಷ್ಟು ಸಲೀಸಾಗಿ ಅಂದರೆ, ವರ್ಷಗಟ್ಟಲೆ ಅಭ್ಯಾಸ ಆಗಿದೆ ಅಂತ ಗೊತ್ತಾಗುತ್ತಿತ್ತು.

"ಯಾಕಮ್ಮ ಹಿಂಗೆ?" ಅಂದೆ.

"ನೀವೇ ಹೇಳಿದ್ರಲ್ಲ ಮೇಡಂ, ಮೂಳೆ ಸವೆದೈತೆ, ಬಗ್ಗಬ್ಯಾಡ, ಭಾರ ಎತ್ತಬ್ಯಾಡ ಅಂತ."

ನಾಲ್ಕು ವರ್ಷದ ಹಿಂದಿನ ಮಾತು. ನನಗೆ ನೆನಪೇ ಇಲ್ಲ. ಹಳೇ ಚೀಟಿ ತೋರಿಸಿದರು, ನನ್ನದೇ ಅಕ್ಷರ. ಮೇವಿನ ಹೊರೆ ಹೊರುವ ಹಾಗಿಲ್ಲ ಅಂತ ಎರಡು ಹಸು ಮಾರಿದ್ದಾರೆ. ಡೇರಿಗೆ ಹಾಲು ಹಾಕುವುದು ನಿಂತಿದೆ. ಮೊಮ್ಮಗುವನ್ನು ಯಾರಾದರೂ ತಂದು ಮಡಿಲಿಗೆ ಹಾಕಬೇಕು, ತಾವಾಗಿ ಎತ್ತಿಕೊಂಡೇ ಇಲ್ಲ.

ಪರೀಕ್ಷೆ ಮಾಡಿದೆ. ಕಾಲಲ್ಲಿ ಬಲ ಇದೆ, ಸ್ಪರ್ಶ ಸರಿ ಇದೆ, ಮೂತ್ರದ ತೊಂದರೆ ಇಲ್ಲ, ಜ್ವರ ಇಲ್ಲ, ತೂಕ ಇಳಿದಿಲ್ಲ. "ಸ್ವಲ್ಪ ಬಗ್ಗಿ ನೋಡಿ" ಅಂದರೆ ಮುಖ ಬಿಳಿಚಿಕೊಂಡಿತು. "ಮುರಿದ್ರೆ ಯಾರು ನೋಡ್ಕೊಂತಾರೆ?"

ಶುಕ್ರವಾರ ತಾಲ್ಲೂಕು ಮೀಟಿಂಗಿನಲ್ಲಿ ಟೀ ಕುಡಿಯುವಾಗ ಡಾಕ್ಟರು, ಸ್ಟಾಫ್ ನರ್ಸು, ಸಿಎಚ್‌ಒಗಳನ್ನು (ಉಪಕೇಂದ್ರ ನೋಡಿಕೊಳ್ಳುವ ಸಮುದಾಯ ಆರೋಗ್ಯ ಅಧಿಕಾರಿಗಳು) ಸುಮ್ನೆ ಕೇಳಿದೆ. ಹೊಸದಾಗಿ ಸೊಂಟ ಹಿಡಿದುಕೊಂಡವರಿಗೆ ಬೆಡ್ ರೆಸ್ಟ್ ಹೇಳ್ತೀರಾ? ಎಕ್ಸ್‌ರೇ ಬೇಕೇ ಬೇಕಾ? ಸವೆತ ಜಾಸ್ತಿ ಕಂಡರೆ ನೋವೂ ಜಾಸ್ತಿ ಅಂತಲಾ? ಸರಿಯುತ್ತರ ಮೂರಕ್ಕೂ ‘ಇಲ್ಲ’, ಆದರೆ ಮೂರಕ್ಕೂ ‘ಹೌದು’ ಅಂದವರೇ ಹೆಚ್ಚು. ಅವರನ್ನು ಏನನ್ನಲಿ, ನಾಲ್ಕು ವರ್ಷದ ಹಿಂದೆ ನಾನೂ ಅದನ್ನೇ ಅನ್ನುತ್ತಿದ್ದೆ. ಎಂಬಿಬಿಎಸ್ ಓದುವಾಗ ನಮಗೆ ಬೆನ್ನು ಅಂದರೆ ಕ್ಷಯ, ಗಡ್ಡೆ, ಡಿಸ್ಕ್. ದಿನಾ ಬಾಗಿಲಿಗೆ ಬರುವ ಸಾದಾ ಸೊಂಟನೋವು ಪರೀಕ್ಷೆಯಲ್ಲಿ ಬರಲೇ ಇಲ್ಲ.

ಡಾಕ್ಟರು, ಸಿಸ್ಟರುಗಳು ಇದ್ದರೆ: ನೀವು ಏನು ಹೇಳ್ತೀರಿ? ಉಳಿದವರು: ನಿಮಗೆ ಹೇಳಿದ ಯಾವ ಮಾತು ಇನ್ನೂ ತಲೆಯಲ್ಲಿ ಕೂತಿದೆ?

ಮಂಡಿನೋವು ಮೇಷ್ಟ್ರು · 9:58

ನನಗೆ "ಮಂಡೀಲಿ ಗ್ರೀಸ್ ಖಾಲಿ ಆಗಿದೆ" ಅಂದಿದ್ದರು. ಹನ್ನೊಂದು ವರ್ಷ ಆಯ್ತು. ಮೆಟ್ಟಿಲು ಹತ್ತುವಾಗ ಈಗಲೂ ಕಿರ್ ಅನ್ನುತ್ತದಾ ಅಂತ ಕಿವಿ ಕೊಡ್ತೇನೆ.

ಎಲೆಕ್ಟ್ರಾನಿಕ್ ಸಿಟಿ ಎರಡನೇ ಹಂತ · 10:05

"ಇಪ್ಪತ್ತೆಂಟಕ್ಕೇ ಎಂಬತ್ತರ ಬೆನ್ನು ಮಾಡ್ಕೊಂಡಿದ್ದೀಯಲ್ಲಪ್ಪ." ಎಂಆರ್‌ಐ ನೋಡಿ ಅಂದದ್ದು. ಎಲ್ 4–ಎಲ್ 5 ಡಿಸ್ಕ್ ಬಲ್ಜ್, ಅಂದರೆ ಸೊಂಟದ ಎರಡು ಮೂಳೆ ನಡುವಿನ ಮೆತ್ತೆ ಉಬ್ಬಿದೆಯಂತೆ. ಮದುವೆಗೆ ಹೆಣ್ಣು ನೋಡುವಾಗ ಅಮ್ಮ ಇದನ್ನು ಮುಚ್ಚಿಡಬೇಕಾ ಹೇಳಬೇಕಾ ಅಂತ ವಾರಗಟ್ಟಲೆ ಯೋಚಿಸಿದ್ದಾರೆ. ತಮಾಷೆ ಅಲ್ಲ.

ಫಿಸಿಯೋ ಹಾಸನ · 10:21

ಮೇಲಿನವರಿಗೆ: ಅಮ್ಮನಿಗೆ ಇದನ್ನು ಓದಿ ಹೇಳಿ. ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಮರ್ಶೆ 2015ರಲ್ಲಿ ಬಂತು. ಇಪ್ಪತ್ತರ ವಯಸ್ಸಿನವರಲ್ಲೇ 37% ಜನಕ್ಕೆ ಡಿಸ್ಕ್ ಸವೆತ, 30% ಜನಕ್ಕೆ ಬಲ್ಜ್. ಎಂಬತ್ತರವರಲ್ಲಿ ಸವೆತ 96%. ಮತ್ತೆ ಹೇಳ್ತೇನೆ, ಇವರು ಯಾರಿಗೂ ನೋವಿರಲಿಲ್ಲ. ಎಂಬತ್ತರ ಅಜ್ಜನ ರಿಪೋರ್ಟಿನಲ್ಲಿ ಸವೆತ ಇಲ್ಲ ಅಂತ ಬಂದರೆ, ಬೇರೆ ಯಾರದ್ದೋ ರಿಪೋರ್ಟ್ ಕೊಟ್ಟಿದ್ದಾರಾ ಅಂತ ನೋಡಬೇಕು ಅಷ್ಟೆ.

ಡಾಕ್ಟ್ರಮ್ಮನ ಅನುಭವ ಹೊಸದಲ್ಲ. ನ್ಯೂಜಿಲೆಂಡಿನಲ್ಲಿ ಸೊಂಟನೋವಿನವರನ್ನು ಕೂರಿಸಿಕೊಂಡು ಮಾತಾಡಿಸಿದ ಅಧ್ಯಯನ 2013ರಲ್ಲಿ ಬಂದಿದೆ. ಡಾಕ್ಟರು, ಫಿಸಿಯೋ ಹೇಳಿದ ಒಂದೊಂದು ಮಾತು ವರ್ಷಗಟ್ಟಲೆ ಉಳಿದಿತ್ತು. ಹೆದರಿಸಿದ್ದೂ ಉಳಿದಿತ್ತು, ಧೈರ್ಯ ಹೇಳಿದ್ದೂ ಉಳಿದಿತ್ತು.

ಮೂಳೆ ಡಾಕ್ಟರ್ · 10:40

ಎಲ್ಲಾ ಸರಿ. ಆದರೆ ತಪ್ಪನ್ನೆಲ್ಲ ಡಾಕ್ಟರ ತಲೆಗೆ ಕಟ್ಟಬೇಡಿ. ನನ್ನ ಓಪಿಡಿಯಲ್ಲಿ ನೂರು ಜನ ಇರುತ್ತಾರೆ. ಒಬ್ಬರಿಗೆ ಎರಡು ನಿಮಿಷ. ಅಷ್ಟರಲ್ಲಿ "ನೋವು ಅಂದರೆ ಹಾನಿ ಅಲ್ಲ ಕಣಮ್ಮ" ಅಂತ ಪಾಠ ಶುರು ಮಾಡಿದರೆ ಹೊರಗೆ ಗಲಾಟೆ ಆಗುತ್ತದೆ. ‘ಸವೆತ’ ಅಂದರೆ ಒಂದೇ ಪದದಲ್ಲಿ ಕೆಲಸ ಮುಗಿಯಿತು.

ಇನ್ನೊಂದು. ಎಕ್ಸ್‌ರೇ ಬೇಡ ಅಂದರೆ "ಸರಿಯಾಗಿ ನೋಡಲೇ ಇಲ್ಲ" ಅಂತ ಮುಂದಿನ ಬೀದಿಯ ಕ್ಲಿನಿಕ್ಕಿಗೆ ಹೋಗುತ್ತಾರೆ. ಅಲ್ಲಿ ಎಂಆರ್‌ಐ ಬರೆಯುತ್ತಾರೆ.

ಹಳ್ಳಿ ಡಾಕ್ಟ್ರಮ್ಮ · 10:47

ಸರ್, ಪದ ಒಂದೇ, ಕೆಲಸ ಮಾತ್ರ ಮುಗಿಯಲಿಲ್ಲ. ನಾಲ್ಕು ವರ್ಷ ನಡೆಯಿತು.

ಮೂಳೆ ಡಾಕ್ಟರ್ · 10:49

ಒಪ್ಪಿದೆ. ಆದರೂ ಎರಡು ನಿಮಿಷ ಎರಡೇ ನಿಮಿಷ.

ಸಬ್ ಸೆಂಟರ್ ಸಿಸ್ಟರ್ · 10:55

ನಾನು ಸಿಎಚ್‌ಒ. ನಮ್ಮ ಹತ್ತಿರ ಬರುವ ಅರ್ಧ ಜನಕ್ಕೆ ಬೇಕಾದ್ದು ನೋವಿನ ಸೂಜಿ. ಭತ್ತದ ನಾಟಿ ಮುಗಿದ ವಾರ ಅಂತೂ ಸಾಲು. "ಒಂದು ಡೈಕ್ಲೋ ಹಾಕ್ಬಿಡಿ ಸಿಸ್ಟರ್, ನಾಳೆ ಮತ್ತೆ ಗದ್ದೆಗೆ ಇಳೀಬೇಕು." ಹಾಕದೆ ಕಳಿಸಿದರೆ "ಹೊಸ ಹುಡುಗಿ, ಏನೂ ಗೊತ್ತಿಲ್ಲ" ಅಂತಾರೆ. ನಮಗೆ ಸಕ್ಕರೆ, ಬಿಪಿ, ಬಾಣಂತಿ, ಲಸಿಕೆ ಬಗ್ಗೆ ತರಬೇತಿ ಮೇಲೆ ತರಬೇತಿ ಆಗಿದೆ. ಸೊಂಟ, ಮಂಡಿ, ಭುಜಕ್ಕೆ ನನಗೆ ಒಂದು ದಿನವೂ ಆಗಿಲ್ಲ. ನಾನು ಕಲಿತದ್ದು ನಮ್ಮಮ್ಮನ ಹತ್ತಿರ. ಅಮ್ಮ ಹೇಳಿದ್ದು: ಮಲಗು, ಬಿಸಿನೀರು ಹಾಕು, ಆಲೂಗಡ್ಡೆ ತಿನ್ನಬೇಡ, ವಾಯು.

ಔಷಧಿ ಅಂಗಡಿ · 11:02

ಡೈಕ್ಲೋ ವಿಷಯ ಬಂದದ್ದು ಒಳ್ಳೇದಾಯ್ತು. ಬಿಪಿ ಮಾತ್ರೆ ತಿನ್ನುವವರು ನೋವಿನ ಮಾತ್ರೆಯನ್ನೂ ದಿನಾ ನುಂಗಿದರೆ ಬಿಪಿ ಹಿಡಿತಕ್ಕೆ ಬರುವುದು ಕಷ್ಟ. ಕಿಡ್ನಿಗೂ ಪೆಟ್ಟು, ಹೊಟ್ಟೆ ಹುಣ್ಣು ಬೇರೆ. "ಹೋದ ಸಲದ್ದೇ ಕೊಡಿ, ಆ ಹಳದಿ ಮಾತ್ರೆ" ಅಂತ ಬರುವವರಿಗೆ ಲೆಕ್ಕ ಇಲ್ಲ. ಬೇಡ ಅಂದರೆ ಪಕ್ಕದ ಅಂಗಡಿ ಇದ್ದೇ ಇದೆ.

ಕಾಫಿ ಬೀಜ · 11:06

ಹಾಗಾದರೆ ಬರೀ ಪ್ಯಾರಸಿಟಮಾಲ್ ಸೇಫಾ?

ಫಿಸಿಯೋ ಹಾಸನ · 11:11

ಸೇಫ್ ಅನ್ನುವುದು ಬೇರೆ, ಕೆಲಸ ಮಾಡುತ್ತದಾ ಅನ್ನುವುದು ಬೇರೆ. 2014ರಲ್ಲಿ ಆಸ್ಟ್ರೇಲಿಯಾದ ದೊಡ್ಡ ಪ್ರಯೋಗ ಬಂತು. ಹೊಸ ಸೊಂಟನೋವಿಗೆ ಪ್ಯಾರಸಿಟಮಾಲ್ ಕೊಟ್ಟವರೂ ಸಕ್ಕರೆಗುಳಿಗೆಯಂಥ ಡಮ್ಮಿ ಮಾತ್ರೆ ಕೊಟ್ಟವರೂ ಹೆಚ್ಚುಕಡಿಮೆ ಒಟ್ಟೊಟ್ಟಿಗೇ ಚೇತರಿಸಿಕೊಂಡರು. ಮಲಗುವುದಂತೂ ಬೇಡವೇ ಬೇಡ. ಹೆಲ್ಸಿಂಕಿ ನಗರದ ನೌಕರರ ಮೇಲೆ 1995ರಲ್ಲೇ ನೋಡಿದ್ದಾರೆ: ಎರಡು ದಿನ ಮಲಗಿಸಿದವರು, ವ್ಯಾಯಾಮ ಮಾಡಿಸಿದವರು, ‘ಆದಷ್ಟು ಮಾಮೂಲಿ ಕೆಲಸ ಮಾಡ್ಕೊಂಡಿರಿ’ ಅಂದವರು, ಹೀಗೆ ಮೂರು ಗುಂಪು. ಮೂರನೆಯವರೇ ಬೇಗ ಸುಧಾರಿಸಿದರು.

ಕುಂದಾಪುರದ ಹೆಣ್ಣು · 11:15

ನಮ್ಮತ್ತೆಗೆ ಇದನ್ನು ತೋರಿಸಲ್ಲ. ‘ಮಾಮೂಲಿ ಕೆಲಸ ಮಾಡ್ಕೊಂಡಿರು’ ಅನ್ನುವುದಕ್ಕೆ ಅವರಿಗೆ ವಿಜ್ಞಾನ ಬೇರೆ ಬೇಕಾ 😄

ಮೆಲ್ಬರ್ನ್ ಕನ್ನಡತಿ · ಸೋಮವಾರ ಬೆಳಗ್ಗೆ 5:30

ಇಲ್ಲಿ ಫಿಸಿಯೋ ಆಗಿದ್ದೇನೆ. ನಾನಿರುವ ವಿಕ್ಟೋರಿಯಾ ರಾಜ್ಯದಲ್ಲಿ 1997ರಲ್ಲಿ ಟಿವಿ ಜಾಹೀರಾತು ಶುರು ಮಾಡಿದ್ದರು. ಸೊಂಟನೋವು ಬಂತು ಅಂತ ಮಲಗಬೇಡಿ, ಓಡಾಡಿ, ಕೆಲಸಕ್ಕೆ ಹೋಗಿ, ಅಷ್ಟೇ ವಿಷಯ. ಪಕ್ಕದ ನ್ಯೂ ಸೌತ್ ವೇಲ್ಸಿನಲ್ಲಿ ಈ ಜಾಹೀರಾತು ಇರಲಿಲ್ಲ, ಹಾಗಾಗಿ ಹೋಲಿಸಿ ನೋಡಲು ಸುಲಭ ಆಯ್ತು. ಜನರ ನಂಬಿಕೆ ಬದಲಾಯಿತು. ನನಗೆ ಮಜಾ ಅನ್ನಿಸಿದ್ದು, ಡಾಕ್ಟರ ನಂಬಿಕೆಯೂ ಬದಲಾಯಿತು. ಅವರೂ ಮನೆಯಲ್ಲಿ ಟಿವಿ ನೋಡುವವರೇ ಅಲ್ವಾ.

ಇನ್ನೊಂದು ಕೇಳಿ, ನಗಬೇಡಿ. ಇಲ್ಲಿನ ಫ್ಯಾಮಿಲಿ ಡಾಕ್ಟರುಗಳ ಸಮೀಕ್ಷೆಯೊಂದು 2009ರಲ್ಲಿ ಪ್ರಕಟವಾಯಿತು. "ನನಗೆ ಬೆನ್ನುನೋವಿನಲ್ಲಿ ವಿಶೇಷ ಆಸಕ್ತಿ" ಅಂದವರೇ ಬೆಡ್ ರೆಸ್ಟ್ ಸರಿ, ಎಕ್ಸ್‌ರೇ ಉಪಯೋಗ ಅಂತ ಹೆಚ್ಚಾಗಿ ನಂಬಿದ್ದರು. ಆಸಕ್ತಿ ಇಲ್ಲದವರು ವಾಸಿ.

ಮೂಳೆ ಡಾಕ್ಟರ್ · 7:12

ನನಗೆ ವಿಶೇಷ ಆಸಕ್ತಿ ಇಲ್ಲ ಅಂತ ಈ ಮೂಲಕ ಘೋಷಿಸುತ್ತೇನೆ.

ಬೆಳಗಿನ ಬಿಗಿತ · 8:20

ಎಲ್ಲರೂ ‘ಏನಿಲ್ಲ, ಓಡಾಡಿ’ ಕಡೆ ವಾಲುತ್ತಿದ್ದೀರಿ. ಸ್ವಲ್ಪ ನಿಲ್ಲಿ. ನನಗೆ ಇಪ್ಪತ್ತಮೂರರಲ್ಲಿ ಶುರುವಾಯಿತು. ಬೆಳಗ್ಗೆ ಎದ್ದರೆ ಒಂದು ಗಂಟೆ ಸೊಂಟ ಮರಗಟ್ಟಿದ ಹಾಗೆ. ರಾತ್ರಿ ಮೂರಕ್ಕೆ ನೋವಿಗೆ ಎಚ್ಚರ ಆಗೋದು. ಓಡಾಡಿದರೆ ಕಡಿಮೆ, ಮಲಗಿದರೆ ಜಾಸ್ತಿ. ಐದಾರು ಡಾಕ್ಟರು "ಕೂತು ಕೆಲಸ, ಟೆನ್ಷನ್, ಮದುವೆ ಮಾಡ್ಕೋ" ಅಂದರು. ಏಳು ವರ್ಷ ಆದ ಮೇಲೆ ಕಣ್ಣು ಕೆಂಪಾಗಿ ಕಣ್ಣಿನ ಡಾಕ್ಟರ ಹತ್ತಿರ ಹೋದರೆ, ಅವರು "ಸೊಂಟ ನೋಯುತ್ತಾ?" ಅಂತ ಕೇಳಿದರು! ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್: ಬೆನ್ನುಮೂಳೆಯ ಕೀಲುಗಳಿಗೆ ಉರಿಯೂತ, ಕೆಲವರಿಗೆ ಕಣ್ಣಿಗೂ. ನನಗೆ ‘ಏನಿಲ್ಲ’ ಅನ್ನುವುದೇ ಹಾನಿ ಮಾಡಿತು.

ಹಳ್ಳಿ ಡಾಕ್ಟ್ರಮ್ಮ · 8:41

ನೂರಕ್ಕೆ ನೂರು ಸರಿ. ಇದಕ್ಕೇ ಮೊದಲು ಕೇಳಬೇಕಾದ್ದು ಕೇಳಲೇಬೇಕು. ನಲವತ್ತೈದರ ಒಳಗೆ ಶುರುವಾಗಿ ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿದರೆ ನಾನು ರುಮಟಾಲಜಿಗೆ (ಕೀಲುವಾತದ ತಜ್ಞರಿಗೆ) ಕಳಿಸುತ್ತೇನೆ. ಜ್ವರ, ತೂಕ ಇಳಿಕೆ ಇದ್ದರೆ ನಮ್ಮ ದೇಶದಲ್ಲಿ ಬೆನ್ನುಮೂಳೆ ಕ್ಷಯ ನೆನಪಾಗಲೇಬೇಕು. ಹಳೇ ಕ್ಯಾನ್ಸರ್ ಇದ್ದವರು, ಬಿದ್ದು ಪೆಟ್ಟಾದವರು, ವರ್ಷಗಟ್ಟಲೆ ಸ್ಟೀರಾಯ್ಡ್ ತಿಂದವರು ಬೇರೆಯೇ ಲೆಕ್ಕ. ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಎರಡೂ ಕಾಲು ಸೋತರೆ ಅವತ್ತೇ ದೊಡ್ಡಾಸ್ಪತ್ರೆಗೆ. ಕಾಯುವ ಹಾಗಿಲ್ಲ. ಹೀಗೆ ಕೇಳಿ ನೋಡಿ ಆದ ಮೇಲೆ ಉಳಿಯುವವರೇ ಬಹಳ ಜನ. ನಾನು ಕೆಡಿಸಿದ್ದು ಅವರನ್ನು.

ಪಾವಗಡದವ · 9:05

ನಮ್ಮ ಕಡೆ ಇನ್ನೊಂದು ಕೇಳಬೇಕು ಮೇಡಂ: "ಯಾವ ನೀರು ಕುಡೀತೀರಿ?" ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತಿದೆ. ದಾಟಿದ ನೀರನ್ನೇ ಕುಡಿದು ಬೆಳೆದವರು ನಾವು. ನಮ್ಮ ದೊಡ್ಡಪ್ಪ ಕುತ್ತಿಗೆ ತಿರುಗಿಸಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದರು. ‘ವಾತ’ ಅಂತ ಎಣ್ಣೆ ಹಚ್ಚಿದ್ದೇ ಹಚ್ಚಿದ್ದು. ಹಲ್ಲಿನ ಕಲೆ ನೋಡಿದ್ದರೆ ಫ್ಲೋರೈಡ್ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು.

ಮುಂಡರಗಿ ಮಂದಿ · 9:10

ನಮ್ಮಲ್ಲೂ ಅದೇ ಕಥಿ ರೀ.

ಉಳುಕು ಸ್ಪೆಷಲಿಸ್ಟ್ · 9:48

ವಿಷಯ ಗಂಭೀರ ಆಯ್ತು, ನಾನೊಂದು ಹೇಳಲಾ? ನಾನು ಕಾಲು ಮುಂದಾಗಿ ಹುಟ್ಟಿದವನು. ಗೊತ್ತಿಲ್ಲದವರಿಗೆ: ನಮ್ಮಂಥವರು ಒದ್ದರೆ ಸೊಂಟದ ಉಳುಕು ಹೋಗುತ್ತದೆ ಅಂತ ನಂಬಿಕೆ. ಬೆಳಗ್ಗೆ ಹಲ್ಲುಜ್ಜುವ ಮೊದಲೇ ಬಾಗಿಲು ತಟ್ಟುತ್ತಿದ್ದರು. ಹೊಸ್ತಿಲ ಹತ್ತಿರ ಬೆನ್ನು ಹಾಕಿ ನಿಲ್ಲೋರು, ನಾನು ಅಂಗಾಲಲ್ಲಿ ಮೂರು ಸಲ ಮೆಲ್ಲಗೆ ಒದೆಯಬೇಕು. ಏಳನೇ ಕ್ಲಾಸಿನಲ್ಲಿ ನಮ್ಮ ಹೆಡ್ಮಾಸ್ಟರಿಗೂ ಒದ್ದಿದ್ದೇನೆ. ಅವರೇ ಕೇಳಿಕೊಂಡದ್ದು!

ಎಲೆಕ್ಟ್ರಾನಿಕ್ ಸಿಟಿ ಎರಡನೇ ಹಂತ · 9:51

ಗುರುವೇ, ಬೆಂಗಳೂರಲ್ಲಿ ಎಲ್ಲಿ ಸಿಗ್ತೀರಿ? ನನ್ನ ಮ್ಯಾನೇಜರಿಗೂ ಸೊಂಟನೋವಿದೆ.

ಮಂಡಿನೋವು ಮೇಷ್ಟ್ರು · 9:55

ಹೋಗುತ್ತಿತ್ತಾ ಉಳುಕು?

ಉಳುಕು ಸ್ಪೆಷಲಿಸ್ಟ್ · 9:58

ಬಹಳ ಜನಕ್ಕೆ ಹೋಗುತ್ತಿತ್ತು. ಮೂರ್ನಾಲ್ಕು ದಿನ ಬಿಟ್ಟು ಕೊಬ್ಬರಿ ಬೆಲ್ಲ ತಂದುಕೊಡೋರು.

ಫಿಸಿಯೋ ಹಾಸನ · 10:14

ಹೊಸ ಉಳುಕು ಬಹಳ ಸಲ ತಾನಾಗಿಯೇ ದಿನಗಳಲ್ಲಿ, ವಾರಗಳಲ್ಲಿ ಕಡಿಮೆ ಆಗುವಂಥದ್ದೇ. ಒದ್ದರೂ ಹೋಗುತ್ತೆ, ಒದೆಯದಿದ್ದರೂ ಹೋಗುತ್ತೆ. (ಮೂಳೆ ಟೊಳ್ಳಾದ ಅಜ್ಜಿಗೆ ಮಾತ್ರ ದಯವಿಟ್ಟು ಒದೆಯಬೇಡಿ.)

ಆದರೆ ಒಂದು ಗಮನಿಸಿ. ಒದ್ದ ಮೇಲೆ ನೀವು ಏನು ಹೇಳ್ತಿದ್ರಿ?

ಉಳುಕು ಸ್ಪೆಷಲಿಸ್ಟ್ · 10:16

"ಹೋಯ್ತು, ಇನ್ನು ತಿರುಗಿ ನೋಡದೆ ನಡಿ" ಅಂತ. ಅಜ್ಜಿ ಹೇಳಿಕೊಟ್ಟಿದ್ದರು.

ಹಳ್ಳಿ ಡಾಕ್ಟ್ರಮ್ಮ · 10:30

ಏಳನೇ ಕ್ಲಾಸಿನ ಹುಡುಗ "ಹೋಯ್ತು, ನಡಿ" ಅಂದ. ಎಂಬಿಬಿಎಸ್ ಮಾಡಿದ ನಾನು "ಸವೆದಿದೆ, ಬಗ್ಗಬೇಡ" ಅಂದೆ.

ಎರಡು ಸಿಸೇರಿಯನ್ · 11:20

ಸಿಸೇರಿಯನ್ ಮಾಡುವಾಗ ಮರಗಟ್ಟಿಸಲು ಬೆನ್ನಿಗೆ ಹಾಕಿದ ಇಂಜೆಕ್ಷನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ನನ್ನ ಸೊಂಟನೋವಿಗೆ ಅದೇ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಮನೆಗೆ ಬರುತ್ತಿದ್ದ ನರ್ಸಮ್ಮನೂ ಹಾಗೇ ಅಂದರು. "ಆ ಸೂಜಿ ಬಿದ್ದ ಮೇಲೆ ಜೀವಮಾನ ಇದ್ದದ್ದೇ."

ಹಳ್ಳಿ ಡಾಕ್ಟ್ರಮ್ಮ · 11:34

ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುತ್ತದೆ, ನಿಜ. ವರ್ಷಗಟ್ಟಲೆ ಉಳಿಯುವ ಸೊಂಟನೋವು ಅದರಿಂದ ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ನಾರ್ಮಲ್ ಡೆಲಿವರಿ ಆದವರಿಗೂ ಸೊಂಟನೋವು ಬರುತ್ತದೆ. ಬಸುರಿನಲ್ಲೇ ಎಷ್ಟೋ ಜನಕ್ಕೆ ಶುರುವಾಗಿರುತ್ತದೆ. ಆಮೇಲೆ ನಿದ್ದೆ ಇಲ್ಲ, ಮಗು ಎತ್ತುವುದು, ಬಗ್ಗಿ ಹಾಲು ಕುಡಿಸುವುದು. ‘ಜೀವಮಾನ’ ಅನ್ನುವ ಪದವನ್ನು ನಮ್ಮ ಸಿಸ್ಟರುಗಳ ಬಾಯಿಂದ ತೆಗೆಸಬೇಕು.

ಎರಡು ಸಿಸೇರಿಯನ್ · 11:40

ಒಂಬತ್ತು ವರ್ಷ ಆಯ್ತು ಮೇಡಂ. ಮೊದಲೇ ಯಾರಾದರೂ ಹೇಳಬಾರದಿತ್ತಾ.

ಪ್ಯಾಕೇಜ್ ಬೇಡ · ಮಧ್ಯಾಹ್ನ 12:15

ಫಿಸಿಯೋಗಳು ದೊಡ್ಡ ಮಾತಾಡುತ್ತಿದ್ದಾರೆ. ನನಗೆ ಹತ್ತು ಸಿಟ್ಟಿಂಗ್ ಟ್ರಾಕ್ಷನ್ (ಮೆಷಿನ್ ಕಟ್ಟಿ ಸೊಂಟ ಎಳೆಯುವುದು), ಮೇಲೊಂದು ಬೆಲ್ಟ್, ಆಮೇಲೆ ಕರೆಂಟ್. ಆರು ಸಾವಿರ ಕಟ್ಟಿಸಿಕೊಂಡರು. ಒಂದು ವ್ಯಾಯಾಮ ಹೇಳಿಕೊಡಲಿಲ್ಲ.

ಫಿಸಿಯೋ ಹಾಸನ · 12:31

ಸಿಟ್ಟು ನ್ಯಾಯವಾದದ್ದೇ. ದೀರ್ಘಕಾಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಮಾರ್ಗಸೂಚಿ ತಂದಿದೆ. ಟ್ರಾಕ್ಷನ್ ಬೇಡ, ಬೆಲ್ಟ್ ಬೇಡ, ಅಲ್ಟ್ರಾಸೌಂಡ್ ಚಿಕಿತ್ಸೆ ಬೇಡ ಅಂದಿದೆ. ತಿಳಿಹೇಳುವುದು, ವ್ಯಾಯಾಮ ಇವೇ ಮುಂದೆ. ನಾನೂ ಮೊದಲ ಎರಡು ವರ್ಷ ದಿನಕ್ಕೆ ಹದಿನೈದು ಜನಕ್ಕೆ ಟ್ರಾಕ್ಷನ್ ಕಟ್ಟಿದ್ದೇನೆ. ಮಾಲೀಕರು ಮೆಷಿನ್ ಕೊಂಡಿದ್ದರು, ಕಂತು ಕಟ್ಟಬೇಕಿತ್ತು.

ಧಾರವಾಡ ಟೊಂಕ · 1:05

ನನಗ ಅನ್ನಿಸೋದು, ಅರ್ಧ ಗೊಂದಲ ನಮ್ಮ ಮಾತಿನದ. ‘ನರ’ ಅಂದ್ರ ಏನು? ಡಾಕ್ಟರ್ ಹೇಳೋದು ಕಾಲಿಗೆ ಇಳಿಯೋ ನರ್ವ್. ನಮ್ಮವ್ವಗ ‘ನರ’ ಅಂದ್ರ ಮುಂಗೈ ಮ್ಯಾಲೆ ನೀಲಿ ಕಾಣೋ ರಕ್ತನಾಳ. ನಮ್ಮ ಮಾಲೀಶಿನವಗ ಮೀನಖಂಡದ ಹುರಿ. "ನರ ಒತ್ತೇತಿ" ಅಂದ ಕೂಡ್ಲೆ ಅವ್ವ ಕಾಲಿಗೆ ರಕ್ತ ಹೋಗೂದು ನಿಂತೈತಿ ಅಂತ ತಿಳಕೊಂಡು ವಾರಗಟ್ಟಲೆ ಪಾದ ತಿಕ್ಕಿದ್ಲು. ‘ಡಿಸ್ಕ್ ಜಾರೇತಿ’ ಅಂದ್ರೂ ಅಷ್ಟ. ಬಳಿ ಜಾರಿಧಂಗ ಜಾರಿ ಬೀಳ್ತೈತಿ ಅಂತ ಬೆನ್ನಿಗೆ ಕೈ ಕೊಟಗೊಂಡು ಅಡ್ಡಾಡೋರನ್ನ ನೋಡೀನಿ.

ಮೂಳೆ ಡಾಕ್ಟರ್ · 1:22

ಇದು ಒಳ್ಳೆ ಪಾಯಿಂಟ್. ಡಿಸ್ಕ್ ಜಾರುವುದೇ ಇಲ್ಲ, ಮೇಲಿನ ಕೆಳಗಿನ ಮೂಳೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅಂಚು ಉಬ್ಬಬಹುದು, ಒಳಗಿನದ್ದು ಸ್ವಲ್ಪ ಹೊರಗೆ ಬರಬಹುದು. ಹಾಗೆ ಬಂದದ್ದೂ ಎಷ್ಟೋ ಜನರಲ್ಲಿ ತಿಂಗಳುಗಳಲ್ಲಿ ತಾನಾಗಿ ಕುಗ್ಗುತ್ತದೆ. ಗೊತ್ತಿದ್ದೂ ‘ಜಾರಿದೆ’ ಅಂತಲೇ ಹೇಳುತ್ತೇನೆ, ಬಾಯಿಗೆ ಅದೇ ಬರುತ್ತದೆ. ಸರಿ, ‘ಸವೆತ’ಕ್ಕೆ ಬದಲು ಏನನ್ನಬೇಕು? ಎರಡು ನಿಮಿಷಕ್ಕೆ ಸಿಗುವಂಥದ್ದು ಹೇಳಿ.

ಸಬ್ ಸೆಂಟರ್ ಸಿಸ್ಟರ್ · 1:30

"ವಯಸ್ಸಿಗೆ ತಕ್ಕ ಹಾಗೇ ಇದೆ"?

ಕಾಫಿ ಬೀಜ · 1:33

"ಸೊಂಟ ಹಿಡ್ಕೊಂಡಿದೆ, ಬಿಡುತ್ತೆ." ನಮ್ಮಜ್ಜಿ ಮಾತು. ಹಿಡಿದದ್ದು ಬಿಡಲೇಬೇಕಲ್ಲ.

ಮೂಳೆ ಡಾಕ್ಟರ್ · 1:36

ಇದನ್ನು ಕದ್ದುಕೊಂಡೆ.

ಅನುಮಾನ ಪಿಶಾಚಿ · 2:10

ಪೇಷಂಟ್ ವಿಷಯ ಹೀಗೆ ಎಲ್ಲರೆದುರು ಬರೆಯಬಹುದಾ ಡಾಕ್ಟ್ರೇ?

ಹಳ್ಳಿ ಡಾಕ್ಟ್ರಮ್ಮ · 2:25

ಕೇಳಿಯೇ ಬರೆದದ್ದು. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. "ನನ್ನ ಹೆಸರು ಹಾಕಬ್ಯಾಡಿ, ನಿಮ್ಮ ಹೆಸರು ಹಾಕ್ಕೊಳ್ಳಿ" ಅಂದರು.

ಹಳ್ಳಿ ಡಾಕ್ಟ್ರಮ್ಮ · ಮೂರು ವಾರದ ನಂತರ, ಶನಿವಾರ

ಕೆಲವರು ಮುಂದೇನಾಯ್ತು ಅಂತ ಮೆಸೇಜ್ ಮಾಡಿದ್ದರು.

ಮರುದಿನವೇ ಕರೆಸಿದೆ. ಮಧ್ಯಾಹ್ನ ಓಪಿಡಿ ಖಾಲಿಯಾದ ಮೇಲೆ ಇಪ್ಪತ್ತು ನಿಮಿಷ ಕೂತೆವು. ಮೊದಲ ದಿನ ಬರೀ ಕುರ್ಚಿಯಲ್ಲಿ ಕೂತು ಕೈಯನ್ನು ಮೊಣಕಾಲಿನವರೆಗೆ ಇಳಿಸುವುದು, ಅಷ್ಟೇ. ಅದಕ್ಕೇ ಬೆವತರು. ಮುಂದಿನ ವಾರ ಪಾದ ಮುಟ್ಟಿದರು. ಆಮೇಲೆ ಖಾಲಿ ಬಕೆಟ್ಟು, ಆಮೇಲೆ ಕಾಲು ಬಕೆಟ್ಟು ನೀರು. ಒಂದು ಸಲ ನೋವು ಕೆರಳಿ ಎರಡು ದಿನ ಮಲಗಿದರು. "ಮತ್ತೆ ಸವೀತು ಅನ್ಸುತ್ತೆ ಮೇಡಂ" ಅಂತ ಫೋನು ಬಂತು. ನನಗೂ ಎದೆ ಧಸಕ್ ಅಂದಿತು, ಸುಳ್ಳು ಹೇಳಲ್ಲ. ಹೋಗಿ ನೋಡಿದೆ, ಕಾಲು ಚೆನ್ನಾಗಿಯೇ ಇತ್ತು. ಬಕೆಟ್ಟು ಬಿಟ್ಟು ಎರಡು ದಿನ ಬರೀ ನಡಿಗೆ, ಮತ್ತೆ ಕಾಲು ಬಕೆಟ್ಟಿಂದ ಶುರು.

ನೋವು ಪೂರ್ತಿ ಹೋಗಿಲ್ಲ. ಮೊನ್ನೆ ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಬಂದಿದ್ದರು, ಲಸಿಕೆಗೆ.

ಅವತ್ತೇ ಕೇಳಿದರು, "ಅಂಗಾದ್ರೆ ಆವತ್ತು ಯಾಕೆ ಅಂಗಂದ್ರಿ?"

"ತಪ್ಪು ಹೇಳಿದೆ ಅಮ್ಮ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೋಗ್ಲಿ ಬಿಡಿ. ಹಸು ರೇಟೇ ಈಗ ಭಾಳ ಜಾಸ್ತಿ ಆಗೋಗೈತೆ" ಅಂದರು.

ಪಾವಗಡದವ · ಶನಿವಾರ ಸಂಜೆ

ಎಚ್‌ಎಫ್ ತಳಿ ಹಸು ಬೇಡ ಅನ್ನಿ ಮೇಡಂ, ಮೇವು ಜಾಸ್ತಿ ಬೇಕು, ಹೊರೆಯೂ ಜಾಸ್ತಿ. ಒಂದು ಜರ್ಸಿ ಸಾಕು.

ಮಂಡಿನೋವು ಮೇಷ್ಟ್ರು · ಶನಿವಾರ ಸಂಜೆ

ಜರ್ಸಿಗೆ ಹಾಲು ಕಮ್ಮಿ ಅಲ್ವಾ?

ಪಾವಗಡದವ · ಶನಿವಾರ ಸಂಜೆ

ಕಮ್ಮಿ, ಆದರೆ ಫ್ಯಾಟ್ ಚೆನ್ನಾಗಿ ಬರುತ್ತೆ. ಡೇರೀಲಿ ದುಡ್ಡು ಅದಕ್ಕೇ ಅಲ್ವಾ.